ಮೊಣಕಾಲಿಗೆ ಸ್ಥಿರ ಕೀಲೋ, ತಿರುಗುವ ಕೀಲೋ?

ಮೊಣಕಾಲು ಸವೆದು ನಿಮ್ಮ ಉಮ್ಮನಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ. ವೈದ್ಯರು ಕೀಲು ಬದಲಿಸಲು ಹೇಳಿದ್ದಾರೆ. ಅಷ್ಟರಲ್ಲಿ ಸಂಬಂಧಿಕರೊಬ್ಬರು, "ಒಳಗೆ ತಿರುಗುವ ಕೀಲು ಹಾಕಿಸಿ. ಸ್ವಲ್ಪ ದುಬಾರಿ, ಆದರೆ ನೆಲದಲ್ಲೇ ಕುಳಿತು ನಮಾಝ್ ಮಾಡಬಹುದು" ಎನ್ನುತ್ತಾರೆ. ಸಾಲ ಮಾಡಿ ಹಣ ಹೊಂದಿಸುವ ಮೊದಲು ವಿಷಯ ತಿಳಿದುಕೊಳ್ಳಿ.

ಕೃತಕ ಕೀಲಿನಲ್ಲಿ ತೊಡೆಯ ಮೂಳೆಯ ತುದಿಗೆ ಲೋಹದ ಹೊದಿಕೆ, ಕೆಳಗಿನ ಕಾಲಿನ ಮೂಳೆಯ ಮೇಲೆ ಲೋಹದ ತಟ್ಟೆ, ಇವೆರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಇರುತ್ತದೆ. ಈ ತುಂಡನ್ನೇ ಬೇರಿಂಗ್ ಎನ್ನುವುದು. ಸ್ಥಿರ ಕೀಲಿನಲ್ಲಿ ಅದು ತಟ್ಟೆಗೆ ಭದ್ರವಾಗಿ ಕೂತಿರುತ್ತದೆ. ಇನ್ನೊಂದರಲ್ಲಿ ತಟ್ಟೆಯ ಮೇಲೆ ಸ್ವಲ್ಪ ತಿರುಗುತ್ತದೆ. ನಮ್ಮ ಮೊಣಕಾಲು ಮಡಚುವಾಗ ತುಸು ತಿರುಗುವುದೂ ನಿಜ. ಬೇರಿಂಗೂ ಜೊತೆಗೆ ತಿರುಗಿದರೆ ಪ್ಲಾಸ್ಟಿಕ್ ಕಡಿಮೆ ಸವೆಯಬಹುದೆಂಬ ಲೆಕ್ಕಾಚಾರದಿಂದ 1970ರ ದಶಕದಲ್ಲಿ ಇಂಥ ಕೀಲುಗಳು ಬಂದವು.

ಲೆಕ್ಕಾಚಾರ ಚೆನ್ನಾಗಿಯೇ ಇದೆ. ಆದರೆ ಎರಡೂ ಬಗೆಯನ್ನು ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯಲ್ಲಿ ನೋವು, ಓಡಾಟ, ಮರುಶಸ್ತ್ರಚಿಕಿತ್ಸೆ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಿರುಗುವ ತುಂಡು ಅಪರೂಪಕ್ಕೆ ಜಾಗ ತಪ್ಪಿ ಹೊರಳುವುದೂ ಉಂಟು. ಹಾಗಾಗಿ ನಿಮ್ಮ ಶಸ್ತ್ರವೈದ್ಯರ ಕೈ ಯಾವುದರಲ್ಲಿ ಪಳಗಿದೆಯೋ ಅದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು ನಮಾಝ್‌ನ ಮಾತು. ಬದಲಿಸಿದ ಮೊಣಕಾಲು ಸಾಮಾನ್ಯವಾಗಿ 110-120 ಡಿಗ್ರಿಯಷ್ಟು ಮಡಚುತ್ತದೆ. ಎರಡು ಸುಜೂದ್‌ಗಳ ನಡುವೆ ಹಿಮ್ಮಡಿಯ ಮೇಲೆ ಕೂರಲು ಇನ್ನೂ ಬಹಳ ಮಡಚಬೇಕು. ಅದನ್ನು ಬೇರಿಂಗಿನ ಬಗೆ ತೀರ್ಮಾನಿಸುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಕಾಲು ಎಷ್ಟು ಮಡಚುತ್ತಿತ್ತು, ಆಮೇಲೆ ವ್ಯಾಯಾಮ ಎಷ್ಟು ಶ್ರದ್ಧೆಯಿಂದ ನಡೆಯಿತು ಎಂಬುದೇ ಮುಖ್ಯ. ಕೆಲವರು ಮೊಣಕಾಲೂರಿ ಸುಜೂದ್ ಮಾಡುವಷ್ಟು ಚೇತರಿಸಿಕೊಳ್ಳುತ್ತಾರೆ, ಹಲವರಿಗೆ ಕುರ್ಚಿಯೇ ಆಸರೆ. ಆಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದ್ದೇ ಇದೆ. ಉಮ್ಮನ ಮುಂದೆಯೇ ವೈದ್ಯರನ್ನು ಇದನ್ನು ಕೇಳಿ. ಶಸ್ತ್ರಚಿಕಿತ್ಸೆಯ ಬಳಿಕ ಗೊತ್ತಾದರೆ ಅವರಿಗೆ ಬೇಸರ ಹೆಚ್ಚು.

ಹೆಚ್ಚು ಮಡಚುವುದೆಂದು ಹೇಳುವ 'ಹೈ ಫ್ಲೆಕ್ಸ್' ಕೀಲಿನ ಬೆಲೆಯನ್ನೂ ವಿಚಾರಿಸಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಮಿತಿ ಹೇರಿದಾಗ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ 54,720 ರೂಪಾಯಿ, ಹೈ ಫ್ಲೆಕ್ಸ್‌ಗೆ 56,490 ರೂಪಾಯಿ ನಿಗದಿಯಾಗಿತ್ತು, ತೆರಿಗೆ ಬೇರೆ. ಅಂತರ ಎರಡು ಸಾವಿರವೂ ಇಲ್ಲ! ಈಗಿನ ಮಿತಿ ಎಷ್ಟೆಂದು ಆಸ್ಪತ್ರೆಯಲ್ಲಿ ಕೇಳಿ, ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ಬರೆಸಿ. ಕೀಲಿನ ಪೆಟ್ಟಿಗೆಯ ಮೇಲಿನ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಹೇಳಿ. ವರ್ಷಗಳ ಬಳಿಕ ತೊಂದರೆಯಾದರೆ ಬೇರೆ ವೈದ್ಯರು ಮೊದಲು ಕೇಳುವುದು ಅದನ್ನೇ.