ಲಘು ಶಸ್ತ್ರಕ್ರಿಯೆಯಲ್ಲಿ ಕಾಲದ ಮಿತವ್ಯಯವೂ ರೋಗಿಯ ಕ್ಷೇಮವೂ

ಶಸ್ತ್ರಕ್ರಿಯೆಗಳಲ್ಲಿ ಗುರು, ಲಘು ಎಂಬ ಭೇದವನ್ನು ಎಣಿಸುವುದು ರೂಢಿ. ಕುರುವನ್ನು ಕೊಯ್ದು ಕೀವು ತೆಗೆಯುವುದು, ಕೊಬ್ಬಿನ ಗಂಟನ್ನು ಬಿಡಿಸುವುದು, ಗಾಯಕ್ಕೆ ಹೊಲಿಗೆ ಹಾಕುವುದು ಇವೇ ಮುಂತಾದವು ಲಘುವೆನಿಸುವವು. ಆದರೆ ಈ ಲಾಘವವು ಕೊಯ್ತದ ಅಳತೆಗೆ ಸಂಬಂಧಿಸಿದುದಲ್ಲದೆ ಅಪಾಯದ ಅಳತೆಗೆ ಸಂಬಂಧಿಸಿದುದಲ್ಲ. ಎಡಗೈಗೆ ಬದಲಾಗಿ ಬಲಗೈಯನ್ನು ಕೊಯ್ದರೆ ಆ ತಪ್ಪು ಲಘುವಾಗಲಾರದು.

ಗದಗ-ಬೆಟಗೇರಿಯ ಸುತ್ತಣ ಸೀಮೆಯಲ್ಲಿ ಈ ವಿಚಾರಕ್ಕೆ ವಿಶೇಷ ಪ್ರಯೋಜನವುಂಟು. 1948ರ ವಿಲೀನದವರೆಗೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಮುಂಡರಗಿಯಾದರೋ ಧಾರವಾಡ ಜಿಲ್ಲೆಯೊಳಗಿತ್ತು. 1997ರಲ್ಲಿ ಗದಗ ಜಿಲ್ಲೆ ಏರ್ಪಟ್ಟು, 2015ರಲ್ಲಿ ಗದಗಿನಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಲಘು ಶಸ್ತ್ರಕ್ರಿಯೆಯು ತಾಲೂಕಿನಲ್ಲಿಯೇ ಮುಗಿದರೆ ಒಕ್ಕಲಿಗನಿಗೆ ಒಂದು ದಿನದ ಕೂಲಿಯೂ ದಾರಿಯ ವೆಚ್ಚವೂ ಉಳಿಯುವವು.

ಶಸ್ತ್ರಾಗಾರದಲ್ಲಿ ಕಾಲವು ಎಲ್ಲಿ ವ್ಯಯವಾಗುತ್ತದೆ? ಬಹುಮಟ್ಟಿಗೆ ಕೊಯ್ಯುವುದರಲ್ಲಲ್ಲ, ಒಬ್ಬ ರೋಗಿಗೂ ಮತ್ತೊಬ್ಬನಿಗೂ ನಡುವಣ ಬಿಡುವಿನಲ್ಲಿ. ತಲಾ 20 ನಿಮಿಷದ ಆರು ಶಸ್ತ್ರಕ್ರಿಯೆಗಳಿವೆಯೆಂದು ಇಟ್ಟುಕೊಳ್ಳೋಣ. ಕೆಲಸಕ್ಕೆ 2 ಗಂಟೆ ಸಾಕು; ಬಿಡುವು 30 ನಿಮಿಷವಾದರೆ ಐದು ಬಿಡುವುಗಳಿಗೆ ಎರಡೂವರೆ ಗಂಟೆ ಬೇಕು. ಉಪಕರಣಗಳ ಪೊಟ್ಟಣಗಳನ್ನು ಹಿಂದಿನ ದಿನವೇ ಹಬೆಯಂತ್ರದಲ್ಲಿ ಶುದ್ಧಗೊಳಿಸಿಟ್ಟು, ಮುಂದಿನ ರೋಗಿಯನ್ನು ಹೊರಗೆ ಸಿದ್ಧಪಡಿಸಿ, ಬಿಡುವನ್ನು 15 ನಿಮಿಷಕ್ಕೆ ಇಳಿಸಿದರೆ 75 ನಿಮಿಷ ಉಳಿಯುವುದು. ಶುದ್ಧವಾದ ಶಸ್ತ್ರಕ್ರಿಯೆಗಳನ್ನು ಮೊದಲಿಗೂ ಕೀವಿನವನ್ನು ಕೊನೆಗೂ ಇಟ್ಟುಕೊಂಡರೆ ಸೋಂಕು ಹರಡುವ ಭಯವೂ ಕಡಮೆ. ಆದರೆ ಕೈತೊಳೆಯುವುದರಲ್ಲಿ, ಹಬೆಯ ಅವಧಿಯಲ್ಲಿ ಉಳಿಸಿದ ಕಾಲವು ಉಳಿತಾಯವಲ್ಲ. 121 ಡಿಗ್ರಿ ಸೆಂಟಿಗ್ರೇಡಿನ ಹಬೆಯಲ್ಲಿ ಕನಿಷ್ಠ 15 ನಿಮಿಷ ಇಡಬೇಕೆಂಬ ನಿಯಮವು ಅವಸರವನ್ನರಿಯದು.

ಇನ್ನು ಕ್ಷೇಮದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಒಂದು ಪರಿಶೀಲನಾ ಪಟ್ಟಿಯನ್ನು ಪ್ರಕಟಿಸಿತು. ಅರಿವಳಿಕೆಗೆ ಮುನ್ನ, ಕೊಯ್ತಕ್ಕೆ ಮುನ್ನ, ರೋಗಿಯು ಕೋಣೆಯನ್ನು ಬಿಡುವುದಕ್ಕೆ ಮುನ್ನ, ಹೀಗೆ ಮೂರು ಸಲ ಎಲ್ಲರೂ ನಿಂತು ಗಟ್ಟಿಯಾಗಿ ಓದಿ ಒಪ್ಪಬೇಕು. ದಿಲ್ಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಲಾಗಿ, ಮರಣವು ನೂರಕ್ಕೆ 1.5ರಿಂದ 0.8ಕ್ಕೂ ತೊಡಕುಗಳು 11ರಿಂದ 7ಕ್ಕೂ ಇಳಿದುವೆಂದು 2009ರಲ್ಲಿ ವರದಿಯಾಯಿತು. ಸುಶ್ರುತನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮವೆಂದು ಮೂರಾಗಿ ವಿಂಗಡಿಸಿ, ಶಸ್ತ್ರ, ಅರಳೆ, ನೂಲು, ಬಿಸಿನೀರು, ತಣ್ಣೀರು, ಸ್ಥಿರಚಿತ್ತರಾದ ಪರಿಚಾರಕರು ಇವೆಲ್ಲ ಮೊದಲೇ ಸಿದ್ಧವಿರಬೇಕೆಂದು ಅಗ್ರೋಪಹರಣೀಯಾಧ್ಯಾಯದಲ್ಲಿ ವಿಧಿಸಿರುವನು. ಎರಡೂ ಒಂದೇ ಎನ್ನಲಾಗದು. ಸುಶ್ರುತನದು ಸಾಮಗ್ರಿಯ ಪಟ್ಟಿ, ಇದು ಸಂವಾದದ ಪಟ್ಟಿ.

ಸಂವಾದವೆಂದೊಡನೆ ಭಾಷೆಯ ಪ್ರಶ್ನೆ ಏಳುವುದು. ಫಕೀರೇಶ್ವರ ಮಠದ ಪ್ರಭಾವದಿಂದ ಶಿರಹಟ್ಟಿಯ ಕಡೆ ಫಕೀರಪ್ಪನೆಂಬ ಹೆಸರು ಬಹಳ. ಒಂದೇ ದಿನ ಇಬ್ಬರು ಫಕೀರಪ್ಪಂದಿರು ಬಂದರೆಂದು ಊಹಿಸಿರಿ. “ನೀವು ಫಕೀರಪ್ಪನವರಲ್ಲವೆ? ಎಡಗಾಲಲ್ಲವೆ?” ಎಂದು ಕೇಳಿದರೆ, ಅಂಜಿಕೆಯಿಂದಲೋ ಮರ್ಯಾದೆಯಿಂದಲೋ “ಹೌದ್ರಿ” ಎಂಬ ಉತ್ತರವೇ ಬರುವುದು ಸಹಜ. ಆದುದರಿಂದ “ನಿಮ್ಮ ಹೆಸರೇನು? ತಂದೆಯ ಹೆಸರೇನು? ಯಾವ ಊರು? ಯಾವ ಕಾಲು, ಮುಟ್ಟಿ ತೋರಿಸಿರಿ” ಎಂದು ಕೇಳತಕ್ಕದ್ದು. ಎದುರು ನಿಂತವನಿಗೆ ರೋಗಿಯ ಎಡವು ತನ್ನ ಬಲಕ್ಕೆ ಕಾಣುವುದರಿಂದ, ಆ ಸ್ಥಳದಲ್ಲಿಯೇ ಮಸಿಯಿಂದ ಗುರುತು ಮಾಡುವುದು ಕ್ಷೇಮ.

ಸ್ಥಾನಿಕ ಅರಿವಳಿಕೆಯೂ ನಿರಪಾಯಕರವಲ್ಲ. ಬೆರಕೆಯಿಲ್ಲದ ಲಿಗ್ನೋಕೇನನ್ನು ದೇಹದ ಪ್ರತಿ ಕಿಲೋಗ್ರಾಮಿಗೆ 3 ಮಿಲಿಗ್ರಾಮಿನ ಮಿತಿಯಿಂದ ಲೆಕ್ಕಿಸಿದರೆ, 50 ಕಿಲೋ ತೂಕದವನಿಗೆ 150 ಮಿಲಿಗ್ರಾಮು, ಎಂದರೆ ನೂರಕ್ಕೆ 2ರ ದ್ರಾವಣದಲ್ಲಿ ಏಳೂವರೆ ಮಿಲಿಲೀಟರು ಮಾತ್ರ. ರೋಗಿಯನ್ನು ತೂಗದೆ ಈ ಲೆಕ್ಕ ನಡೆಯದು.

ಈ ಪ್ರಶ್ನೆಗಳಿಗೆ ತಗಲುವ ಕಾಲವು ಕೆಲವೇ ನಿಮಿಷಗಳು. ಬಿಡುವಿನಲ್ಲಿ ಉಳಿಸಿದ ಕಾಲವನ್ನು ಇಲ್ಲಿ ಧಾರಾಳವಾಗಿ ವ್ಯಯಿಸಬಹುದು; ಮಿತವ್ಯಯಕ್ಕೂ ಕ್ಷೇಮಕ್ಕೂ ವಿರೋಧವಿಲ್ಲ. ಆದರೆ ಈ ಪಟ್ಟಿಯು ರೋಗಿಗೆ ತಿಳಿಯುವ ಕನ್ನಡದಲ್ಲಿ ಇರಬೇಕು. ಅದನ್ನು ರಚಿಸುವ ಹೊಣೆಯನ್ನು ವೈದ್ಯರಿಗಷ್ಟೇ ಬಿಡದೆ, ಆಡುನುಡಿಯ ಮರ್ಮವನ್ನರಿತ ಭಾಷಾಧ್ಯಾಪಕರೂ ವಹಿಸಿಕೊಳ್ಳುವುದು ಉಚಿತವಾಗಿದೆ.