ಮೂರು ಬಣ್ಣದ ಬೆಕ್ಕು ಹೆಣ್ಣೇ ಏಕೆ?

ಅಟ್ಟದ ಮೂಲೆಯ ಹಳೆಯ ಗೋಣಿಚೀಲದ ಮೇಲೆ ಬೆಕ್ಕೊಂದು ನಾಲ್ಕು ಮರಿ ಹಾಕಿದೆ ಎನ್ನಿ. ತಾಯಿ ಅಪ್ಪಟ ಕಪ್ಪು. ಮರಿಗಳಲ್ಲಿ ಎರಡು ತಾಯಿಯಂತೆಯೇ ಕಪ್ಪು. ಉಳಿದೆರಡರ ಮೈಮೇಲೆ ಕಪ್ಪಿನ ನಡುವೆ ಕೇಸರಿಗೆ ತಿರುಗಿದ ಕೆಂಚು ಬಣ್ಣದ ತೇಪೆಗಳು. ಮನೆಮಂದಿಯೆಲ್ಲ ಕಾಂಪೌಂಡಿನ ಮೇಲೆ ಓಡಾಡುವ ಕೆಂಚು ಗಂಡುಬೆಕ್ಕಿನ ಕಡೆ ನೋಡುತ್ತಾರೆ. ಅವರ ಅನುಮಾನ ಸರಿಯೇ. ಅಷ್ಟೇ ಅಲ್ಲ, ಕಪ್ಪು ಮರಿಗಳ ತಂದೆಯೂ ಅದೇ ಆಗಿರಬಹುದು. ಹಾಗಿದ್ದರೆ ಮರಿಗಳನ್ನು ಎತ್ತಿ ನೋಡದೆಯೇ ಒಂದು ಮಾತು ಹೇಳಿಬಿಡಬಹುದು: ತೇಪೆಯ ಮರಿಗಳೆರಡೂ ಹೆಣ್ಣು, ಕಪ್ಪು ಮರಿಗಳೆರಡೂ ಗಂಡು. 'ಹಾಗಿದ್ದರೆ' ಎಂಬ ಮಾತು ಬೇಕೇಬೇಕು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದು ಬೆಕ್ಕಿನ ಸಂಸಾರದಲ್ಲಿ ಹೊಸದೇನಲ್ಲ.

ಇದು ಜ್ಯೋತಿಷ್ಯವಲ್ಲ, ಲೆಕ್ಕ. ಅದನ್ನು ಬಿಡಿಸಲು ವಿಜ್ಞಾನಿಗಳಿಗೆ ನೂರು ವರ್ಷಗಳಿಗೂ ಹೆಚ್ಚು ಬೇಕಾಯಿತು. ಕೊನೆಯ ಗಂಟು ಬಿಚ್ಚಿದ್ದು 2025ರಲ್ಲಿ.

ಬೆಕ್ಕುಗಳಲ್ಲಿ ನಮಗೆ ಹತ್ತಾರು ಬಣ್ಣಗಳು ಕಂಡರೂ ಮೂಲದಲ್ಲಿರುವ ವರ್ಣದ್ರವ್ಯಗಳು ಎರಡೇ: ಒಂದು ಕಪ್ಪು, ಇನ್ನೊಂದು ಕೆಂಚು. ಎರಡೂ ಮೆಲನಿನ್ ಎಂಬ ವಸ್ತುವಿನ ರೂಪಗಳು. ಬಿಳಿ ಎಂಬುದು ಬಣ್ಣವೇ ಅಲ್ಲ, ಬಣ್ಣದ ಗೈರುಹಾಜರಿ. ಬಣ್ಣ ತಯಾರಿಸುವ ಕೋಶಗಳು ಭ್ರೂಣದ ಬೆನ್ನಿನ ಗುಂಟ ಹುಟ್ಟಿ, ಅಲ್ಲಿಂದ ಚರ್ಮದೊಳಗೆ ಮೈಯೆಲ್ಲ ಹರಡಬೇಕು. 'ಕಿಟ್' ಎಂಬ ವಂಶವಾಹಿಯಲ್ಲಿ ವ್ಯತ್ಯಾಸವಾದ ಬೆಕ್ಕುಗಳಲ್ಲಿ ಈ ಪಯಣ ಪೂರ್ತಿಯಾಗುವುದಿಲ್ಲ. ಬೆನ್ನಿನಿಂದ ದೂರವಿರುವ ಹೊಟ್ಟೆ, ಎದೆ, ಪಾದಗಳು ಬೋಳಾಗಿ, ಅಂದರೆ ಬೆಳ್ಳಗೆ, ಉಳಿಯುತ್ತವೆ. ಬಿಳಿ ಕಾಲುಚೀಲ ತೊಟ್ಟಂತಿರುವ ಬೆಕ್ಕುಗಳು ಬೀದಿಗೊಂದಿದ್ದರೂ, ಬೆನ್ನು ಬೆಳ್ಳಗಿದ್ದು ಹೊಟ್ಟೆ ಮಾತ್ರ ಕಪ್ಪಗಿರುವ ಬೆಕ್ಕು ಕಣ್ಣಿಗೆ ಬೀಳದಿರುವುದು ಇದಕ್ಕೇ.

ಅಡ್ಡ ಬಂತೆಂದು ನಾವು ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋಗುವ ಕರಿಬೆಕ್ಕಿನ ಕಥೆ ಸರಳ. ಮನೆಬೆಕ್ಕಿನ ಪೂರ್ವಜನಾದ ಕಾಡುಬೆಕ್ಕಿನ ಮೈಮೇಲೆ ಪಟ್ಟೆಗಳಿವೆ. ಪಟ್ಟೆ ಮೂಡಿಸಲು ನೆರವಾಗುವ ವಂಶವಾಹಿಯ ಎರಡು ಪ್ರತಿಗಳೂ, ತಾಯಿಯಿಂದ ಬಂದದ್ದು ಮತ್ತು ತಂದೆಯಿಂದ ಬಂದದ್ದು, ಕೆಟ್ಟಿದ್ದರೆ ಮರಿ ಕಡುಕಪ್ಪು. ಒಂದೇ ಪ್ರತಿ ಕೆಟ್ಟಿದ್ದರೆ ಗುಣ ಮೈಯೊಳಗೆ ಅಡಗಿ ಕೂರುತ್ತದೆ. ಆದ್ದರಿಂದ ಪಟ್ಟೆಯ ಗಂಡ ಹೆಂಡಿರಿಗೆ ಕರಿಮರಿ ಹುಟ್ಟಿದರೆ ಯಾರ ಮೇಲೂ ಸಂಶಯಪಡಬೇಕಾಗಿಲ್ಲ. ಮೆಂಡೆಲ್ ಪಾದ್ರಿ ಬಟಾಣಿ ಗಿಡಗಳಲ್ಲಿ ಕಂಡ ನಿಯಮವೇ ಇದು.

ಕೆಂಚು ಬಣ್ಣ ಮಾತ್ರ ಈ ನಿಯಮಕ್ಕೆ ನೇರವಾಗಿ ಒಗ್ಗಲಿಲ್ಲ. ಬೆಕ್ಕಿಗೆ 38 ವರ್ಣತಂತುಗಳು. ಅವುಗಳಲ್ಲಿ ಎರಡು ಲಿಂಗವನ್ನು ನಿರ್ಧರಿಸುವಂಥವು: ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಕೆಂಚು ಬಣ್ಣದ ವಂಶವಾಹಿ ಇರುವುದು ಎಕ್ಸ್ ಮೇಲೆ. ಇದು ಲಿಂಗಕ್ಕೆ ಅಂಟಿಕೊಂಡ ಗುಣ ಎಂದು ಅಮೆರಿಕದ ಕ್ಲಾರೆನ್ಸ್ ಲಿಟಲ್ 1912ರಲ್ಲೇ ಗುರುತಿಸಿದ್ದರು. ಗಂಡುಮರಿಗೆ ತಂದೆಯಿಂದ ಸಿಗುವುದು ವೈ, ಅದರಲ್ಲಿ ಈ ಬಣ್ಣದ ಮಾತೇ ಇಲ್ಲ. ಗಂಡುಮರಿ ಕೆಂಚೋ ಕಪ್ಪೋ ಎಂಬುದನ್ನು ತೀರ್ಮಾನಿಸುವವಳು ತಾಯಿಯೊಬ್ಬಳೇ. ಅಟ್ಟದ ಮೇಲಿನ ಕಪ್ಪು ಗಂಡುಮರಿಗಳ ಗುಟ್ಟು ಇದು. ಹೆಣ್ಣುಮರಿಗೆ ತಾಯಿಯ ಒಂದು ಎಕ್ಸ್, ತಂದೆಯ ಒಂದು ಎಕ್ಸ್. ಕಪ್ಪೂ ಬಂತು, ಕೆಂಚೂ ಬಂತು.

ಪೂರ್ತಿ ಕೆಂಚು ಬೆಕ್ಕುಗಳಲ್ಲಿ ಗಂಡೇ ಹೆಚ್ಚು ಎಂದು ಬೆಕ್ಕು ಸಾಕಿದವರು ಹೇಳುವುದರ ಹಿಂದೆಯೂ ಇದೇ ಲೆಕ್ಕವಿದೆ. ಒಂದು ಊರಿನ ಬೆಕ್ಕುಗಳ ಎಕ್ಸ್ ವರ್ಣತಂತುಗಳಲ್ಲಿ ಐದಕ್ಕೊಂದು ಕೆಂಚು ಎಂದಿಟ್ಟುಕೊಳ್ಳಿ. ಐದು ಗಂಡಿಗೊಂದು ಕೆಂಚಾಗುತ್ತದೆ. ಹೆಣ್ಣಿಗೆ ಎರಡೂ ಎಕ್ಸ್ ಕೆಂಚಿನವೇ ಆಗಬೇಕಾದ್ದರಿಂದ 25ಕ್ಕೊಂದು ಸಿಕ್ಕರೆ ಹೆಚ್ಚು.

ಕಪ್ಪು, ಕೆಂಚು, ಬಿಳಿ ಮೂರೂ ಇರುವ ಬೆಕ್ಕು ಬಹುತೇಕ ಹೆಣ್ಣೇ ಎಂಬುದನ್ನು ಜನ ವಿಜ್ಞಾನಕ್ಕಿಂತ ಮೊದಲೇ ಕಂಡುಕೊಂಡಿದ್ದರು. ಜಪಾನಿನಲ್ಲಿ ಇದಕ್ಕೆ 'ಮಿಕೆ' ಎಂದು ಹೆಸರು. ಮೂರು ರೋಮ ಎಂದರ್ಥ. ಅಂಗಡಿಗಳ ಗಲ್ಲಾಪೆಟ್ಟಿಗೆಯ ಬಳಿ ಕೈಯೆತ್ತಿ ಗಿರಾಕಿಗಳನ್ನು ಕರೆಯುತ್ತ ಕೂತಿರುವ ಅದೃಷ್ಟದ ಬೆಕ್ಕಿನ ಗೊಂಬೆಗೂ ಹಲವೊಮ್ಮೆ ಇದೇ ಬಣ್ಣ. ವಾಕಯಾಮಾ ಪ್ರಾಂತದ ಕಿಶಿ ಎಂಬ ಪುಟ್ಟ ರೈಲು ನಿಲ್ದಾಣಕ್ಕೆ 2007ರಲ್ಲಿ ಸ್ಟೇಷನ್ ಮಾಸ್ಟರ್ ಆಗಿ ನೇಮಕಗೊಂಡು, ಟೋಪಿ ಧರಿಸಿ, 2015ರಲ್ಲಿ ಸಾಯುವವರೆಗೆ ಪ್ರವಾಸಿಗರನ್ನು ಸೆಳೆದ ತಾಮಾ ಕೂಡ ಮಿಕೆಯೇ, ಹೆಣ್ಣೇ. ಆದರೆ ನಾವಿಕರಿಗೆ ಬೇಕಿದ್ದುದು ಗಂಡು ಮಿಕೆ. ಅದು ಹಡಗಿನಲ್ಲಿದ್ದರೆ ಬಿರುಗಾಳಿ ತಟ್ಟದೆಂಬ ನಂಬಿಕೆ. 1956ರಲ್ಲಿ ಜಪಾನಿನ ಮೊದಲ ಅಂಟಾರ್ಕ್ಟಿಕ್ ಸಂಶೋಧನಾ ತಂಡ 'ಸೋಯಾ' ಹಡಗಿನಲ್ಲಿ ಹೊರಟಾಗ ಅಂಥದೊಂದು ಗಂಡುಬೆಕ್ಕೂ ಜತೆಗಿತ್ತು. ತಂಡದ ನಾಯಕ ನಾಗಾತಾ ತಾಕೇಶಿಯವರ ಹೆಸರನ್ನೇ ಅದಕ್ಕೂ ಇಟ್ಟಿದ್ದರು. ನಾಯಕರು ಬೇಸರಿಸಿಕೊಳ್ಳಲಿಲ್ಲವೆಂದು ಕಾಣುತ್ತದೆ.

ಗಂಡು ಮಿಕೆ ಮೂರು ಸಾವಿರಕ್ಕೆ ಒಂದು ಎಂಬ ಅಂದಾಜು ಬಳಕೆಯಲ್ಲಿದೆ. ಹಾಗಾದರೂ ಅದು ಹುಟ್ಟುವುದು ಹೇಗೆ? 1961ರಲ್ಲಿ ಅಂಥ ಗಂಡುಬೆಕ್ಕುಗಳ ವರ್ಣತಂತುಗಳನ್ನು ಎಣಿಸಿದಾಗ 38ರ ಬದಲು 39 ಸಿಕ್ಕವು. ಒಂದು ವೈ ಜತೆಗೆ ಎರಡು ಎಕ್ಸ್. ಇಂಥವುಗಳಿಗೆ ಸಾಮಾನ್ಯವಾಗಿ ಮರಿಗಳಾಗುವುದಿಲ್ಲ.

ಇಷ್ಟಾದರೂ ನಿಜವಾದ ಸೋಜಿಗ ಬಾಕಿ ಇದೆ. ಹೆಣ್ಣುಬೆಕ್ಕಿನ ಪ್ರತಿಯೊಂದು ಕೋಶದಲ್ಲೂ ಕಪ್ಪಿನ ಎಕ್ಸ್, ಕೆಂಚಿನ ಎಕ್ಸ್ ಎರಡೂ ಇದ್ದರೆ, ಮೈಯೆಲ್ಲ ಎರಡರ ಬೆರಕೆ ಬಣ್ಣ ಬರಬೇಕಿತ್ತು. ತೇಪೆ ಏಕೆ?

ಮೊದಲ ಸುಳಿವು ಸಿಕ್ಕಿದ್ದು ಬೆಕ್ಕಿನ ನರಕೋಶಗಳಲ್ಲೇ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಬರ್ಟ್ರಾಮ್ ಹೆಣ್ಣುಬೆಕ್ಕಿನ ಕೋಶಗಳಲ್ಲಿ ಮಾತ್ರ ಕಾಣುವ ಒಂದು ಕಪ್ಪು ಚುಕ್ಕೆಯನ್ನು ಗುರುತಿಸಿದರು. ಅದರ ಅರ್ಥ ಬಿಡಿಸಿದವರು ಇಂಗ್ಲೆಂಡಿನ ಹಾರ್‌ವೆಲ್‌ನಲ್ಲಿ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದ ಮೇರಿ ಲಯನ್. 1961ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಪುಟ್ಟ ಲೇಖನದ ವಾದ ಹೀಗಿತ್ತು: ಹೆಣ್ಣು ಭ್ರೂಣ ಇನ್ನೂ ಬಹಳ ಚಿಕ್ಕದಿರುವಾಗಲೇ ಪ್ರತಿಯೊಂದು ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದರ ಬಾಯಿ ಮುಚ್ಚಿಸುತ್ತದೆ. ಯಾವುದನ್ನು ಎಂಬುದಕ್ಕೆ ನಿಯಮವಿಲ್ಲ, ನಾಣ್ಯ ಚಿಮ್ಮಿದಂತೆ. ಆದರೆ ಒಮ್ಮೆ ಮುಚ್ಚಿಸಿದ ಮೇಲೆ ಆ ಕೋಶದ ಮಕ್ಕಳು ಮೊಮ್ಮಕ್ಕಳೆಲ್ಲ ಅದೇ ತೀರ್ಮಾನಕ್ಕೆ ಬದ್ಧ. ಬಾಯಿ ಕಟ್ಟಿಸಿಕೊಂಡು ಮುದುಡಿದ ಎಕ್ಸ್‌ ಆ ಕಪ್ಪು ಚುಕ್ಕೆ. ಸಾಕ್ಷಿಯಾಗಿ ಲಯನ್ ಹೆಸರಿಸಿದವುಗಳಲ್ಲಿ ತೇಪೆಬಣ್ಣದ ಬೆಕ್ಕೂ ಒಂದು. ಕೆಂಚು ತೇಪೆಯಲ್ಲಿ ಮಾತಾಡುತ್ತಿರುವುದು ಒಂದು ಎಕ್ಸ್, ಕಪ್ಪು ತೇಪೆಯಲ್ಲಿ ಇನ್ನೊಂದು.

ಬೆಕ್ಕಿನ ತುಪ್ಪಳದಲ್ಲಿ ಕಣ್ಣಿಗೆ ಕಾಣುವುದು ಹೆಂಗಸರ ಮೈಯಲ್ಲಿ ಕಾಣದಂತೆ ನಡೆದಿರುತ್ತದೆ. ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದ ಸಂಗತಿಯನ್ನು ಡಾರ್ವಿನ್ 1875ರಲ್ಲಿ ಬರೆದಿದ್ದಾರೆ. ನಾಲ್ಕು ತಲೆಮಾರಿನಲ್ಲಿ ಹತ್ತು ಮಂದಿ ಗಂಡಸರಿಗೆ ಬಾಯಲ್ಲಿ ಕೆಲವೇ ಹಲ್ಲು, ಮೈಮೇಲೆ ಕೂದಲು ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ಏನೂ ಇಲ್ಲ, ಆದರೆ ಅವರ ಗಂಡುಮಕ್ಕಳಿಗೆ ಮತ್ತೆ ಅದೇ ಕಾಟ. ಬೆವರಿನ ಗ್ರಂಥಿ ಬೆಳೆಯದ ಈ ಕಾಯಿಲೆಯ ವಂಶವಾಹಿ ಎಕ್ಸ್ ಮೇಲಿದೆ ಎಂದು ಈಗ ಗೊತ್ತಿದೆ. ಅದನ್ನು ಒಂದು ಎಕ್ಸ್‌ನಲ್ಲಿ ಹೊತ್ತ ಹೆಂಗಸಿನ ಬೆನ್ನಿಗೆ ಅಯೋಡಿನ್ ಮತ್ತು ಹಿಟ್ಟು ಸವರಿ ಬೆವರು ಬರಿಸಿದರೆ, ಬೆವರುವ ಭಾಗ ಕಪ್ಪಾಗಿ, ಬೆವರದ ಭಾಗ ಹಾಗೇ ಉಳಿದು ಪಟ್ಟೆ ಮೂಡುತ್ತದೆ. ಗಂಡುಮಗುವಿಗೆ ಇಂಥ ಕಾಯಿಲೆ ಬಂದಾಗ ತಾಯಿಯನ್ನು ದೂರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಯಾವ ಮಗನಿಗೆ ಯಾವ ಎಕ್ಸ್ ಹೋಗಬೇಕೆಂದು ಆಕೆ ಆರಿಸಿ ಕಳಿಸಿರುವುದಿಲ್ಲ.

ನಾಣ್ಯ ಚಿಮ್ಮುವ ಈ ಆಟ ಪುನರಾವರ್ತನೆಯಾಗುವುದಿಲ್ಲ ಎಂಬುದಕ್ಕೆ ಟೆಕ್ಸಾಸಿನ 'ಸಿಸಿ' ಸಾಕ್ಷಿ. 2001ರ ಡಿಸೆಂಬರ್ 22ರಂದು ಹುಟ್ಟಿದ ಜಗತ್ತಿನ ಮೊದಲ ತದ್ರೂಪಿ ಬೆಕ್ಕು ಅದು. ಮೂಲಬೆಕ್ಕು 'ರೇನ್‌ಬೋ'ಗೆ ಮೂರು ಬಣ್ಣ. ಸಿಸಿಯ ಮೈಮೇಲೆ ಕೆಂಚಿನ ಕುರುಹೇ ಇಲ್ಲ. ತದ್ರೂಪಿಗೆ ಬಳಸಿದ ಕೋಶದಲ್ಲಿ ಕೆಂಚಿನ ಎಕ್ಸ್ ಬಾಯಿ ಮುಚ್ಚಿತ್ತು, ಮತ್ತೆ ತೆರೆಯಲಿಲ್ಲ. ಸತ್ತ ಸಾಕುಬೆಕ್ಕನ್ನೇ ಮರಳಿ ತರಿಸಿಕೊಳ್ಳುವ ಆಸೆಯಲ್ಲಿದ್ದವರಿಗೆ ಇದು ನಿರಾಸೆಯ ಸುದ್ದಿ.

ಇಷ್ಟೆಲ್ಲ ತಿಳಿದರೂ ಕೆಂಚು ಬಣ್ಣದ ವಂಶವಾಹಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಹಿರಿಯ ವಿಜ್ಞಾನಿ ಹಿರೋಯುಕಿ ಸಸಾಕಿ ಬೆಕ್ಕುಪ್ರಿಯರಿಂದಲೇ ಒಂದು ಕೋಟಿ ಯೆನ್‌ಗೂ ಹೆಚ್ಚು ಚಂದಾ ಎತ್ತಿ ಹುಡುಕಾಟಕ್ಕಿಳಿದರು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಗ್ರೆಗ್ ಬಾರ್ಶ್ ಅವರ ತಂಡವೂ ಅದೇ ಹಾದಿಯಲ್ಲಿತ್ತು. 2025ರ ಮೇ ತಿಂಗಳಲ್ಲಿ ಎರಡೂ ತಂಡಗಳ ವರದಿ ಒಟ್ಟಿಗೆ ಪ್ರಕಟವಾಯಿತು, ಉತ್ತರ ಒಂದೇ. ಎಕ್ಸ್ ಮೇಲಿನ ಎಆರ್‌ಎಚ್‌ಜಿಎಪಿ36 ಎಂಬ ವಂಶವಾಹಿಯ ಪಕ್ಕದಲ್ಲಿ ಡಿಎನ್ಎಯ ಸುಮಾರು 5,000 ಅಕ್ಷರಗಳ ಒಂದು ತುಂಡು ಕೆಂಚು ಬೆಕ್ಕುಗಳಲ್ಲಿ ಕಾಣೆಯಾಗಿದೆ. ಆ ತುಂಡು ಕಡಿವಾಣದಂತಿತ್ತು. ಅದು ಕಳಚಿದ ಮೇಲೆ ಸುಮ್ಮನಿರಬೇಕಿದ್ದ ವಂಶವಾಹಿ ಬಣ್ಣದ ಕೋಶಗಳಲ್ಲಿ ಎಚ್ಚೆತ್ತು, ಕಪ್ಪಿನ ತಯಾರಿಕೆ ತಡೆದು ಕೆಂಚನ್ನು ತರಿಸುತ್ತದೆ.

ಬೇರೆ ಬೇರೆ ದೇಶಗಳ ಕೆಂಚು ಬೆಕ್ಕುಗಳನ್ನು ಪರೀಕ್ಷಿಸಿದಾಗಲೂ ಅದೇ ಜಾಗದಲ್ಲಿ ಅದೇ ತುಂಡು ಕಾಣೆ. ಅಂದರೆ ಇದು ಊರೂರಲ್ಲಿ ಬೇರೆ ಬೇರೆಯಾಗಿ ಆದದ್ದಲ್ಲ, ಎಲ್ಲೋ ಒಂದು ಬೆಕ್ಕಿನಲ್ಲಿ ಒಮ್ಮೆ ಆದದ್ದು ಎಂದು ವಿಜ್ಞಾನಿಗಳು ಎಣಿಸುತ್ತಾರೆ. ಅದು ಎಂದೆಂದು ಹೇಳುವುದು ಕಷ್ಟವಾದರೂ, ಚೀನಾದ ಸೊಂಗ್ ರಾಜವಂಶದ ಕಾಲದ ಕಲಾವಿದ ಲಿ ದಿ 1174ರಲ್ಲಿ ಬರೆದ ಬೆಕ್ಕಿನ ಮರಿಯ ಚಿತ್ರ ತೈಪೆಯ ವಸ್ತುಸಂಗ್ರಹಾಲಯದಲ್ಲಿದೆ. ಮರಿಯ ಬಣ್ಣ ಕೆಂಚು.