ಆಸ್ಪರ್ಗರ್ ಮಕ್ಕಳ ಆಸಕ್ತಿ: ನಂಬಿಕೆ ಏನು, ನಿಜ ಏನು

ಕಮಲಾಪುರದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಇದ್ದಾನೆ ಎಂದುಕೊಳ್ಳಿ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲುಮಾರ್ಗದ ನಿಲ್ದಾಣಗಳೆಲ್ಲ ಅವನಿಗೆ ಬಾಯಿಪಾಠ. ಮನೆಗೆ ಬೀಗರು ಬಂದರೂ ಅದೇ ಮಾತು. ಓರಗೆಯವರ ಆಟಕ್ಕೆ ಸೇರುವುದಿಲ್ಲ. ರೊಟ್ಟಿಗೆ ಪಲ್ಯ ತಾಗಿದರೆ ಊಟ ಬಿಟ್ಟೇಳುತ್ತಾನೆ. ಇಂಥ ಮಕ್ಕಳ ಬಗ್ಗೆ ನಮ್ಮ ಭಾಗದಲ್ಲಿ ಆಡುವ ಮಾತುಗಳಲ್ಲಿ ಎಷ್ಟು ನಿಜ?

ತಪ್ಪು ಕಲ್ಪನೆ: “ಹುಡುಗಗ ರೈಲಿನ ಹುಚ್ಚ ಹಿಡದದ, ದೇವ್ರಿಗಿ ತೋರಸ್ರಿ.”

ಸತ್ಯ: ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ವಿಯೆನ್ನಾದ ವೈದ್ಯ ಹ್ಯಾನ್ಸ್ ಆಸ್ಪರ್ಗರ್ 1944ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. 1981ರಲ್ಲಿ ಮನೋವೈದ್ಯೆ ಲಾರ್ನಾ ವಿಂಗ್ ಈ ಸ್ಥಿತಿಗೆ ಆಸ್ಪರ್ಗರ್ ಅವರ ಹೆಸರಿಟ್ಟರು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಆಟಿಸಂ ಸ್ಪೆಕ್ಟ್ರಮ್ ಎಂಬ ವಿಶಾಲ ಗುಂಪಿಗೆ ಸೇರಿಸಿತು. ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದು. ತಾಯಿಯ ಸಾಕಣೆ ಕಾರಣವಲ್ಲ, ಲಸಿಕೆಯೂ ಅಲ್ಲ. ಲಸಿಕೆಯನ್ನು ದೂರಿದ್ದ 1998ರ ಪ್ರಬಂಧವನ್ನು ಪ್ರಕಟಿಸಿದ್ದ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಶರಣಬಸವೇಶ್ವರರ ಗುಡಿಗೋ ಬಂದೇನವಾಜರ ದರ್ಗಾಕ್ಕೋ ಹೋಗಿ ಧೈರ್ಯ ತಂದುಕೊಳ್ಳಿ. ಆದರೆ ಅದಕ್ಕಾಗಿ ವೈದ್ಯರ ತಪಾಸಣೆ ತಡವಾಗಬಾರದು.

ತಪ್ಪು ಕಲ್ಪನೆ: “ಆ ರೈಲಿನ ಮಾತು ಬಿಡಿಸಿದ್ರ ಸುಧಾರಸ್ತಾನ.”

ಸತ್ಯ: ಅತಿ ಹೆಚ್ಚು ನೋವು ಕೊಡುವ ತಪ್ಪು ಇದೇ. ಇಂಥ ಮಕ್ಕಳ ಗಮನ ಹತ್ತು ಕಡೆ ಹರಡುವುದಿಲ್ಲ, ಒಂದೇ ವಿಷಯದಲ್ಲಿ ಆಳಕ್ಕಿಳಿಯುತ್ತದೆ. ಗದ್ದಲ, ಬೆಳಕು, ಅರ್ಥವಾಗದ ಮಾತುಕತೆಗಳಿಂದ ದಣಿದ ಮನಸ್ಸಿಗೆ ಅಲ್ಲಿ ನೆಮ್ಮದಿ ಸಿಗುತ್ತದೆ. ಶಿಕ್ಷೆಯೆಂದು ಅದನ್ನೇ ಕಸಿದುಕೊಂಡರೆ ಆತಂಕ ಹೆಚ್ಚುತ್ತದೆ. ಬದಲಿಗೆ ಅದರಿಂದಲೇ ಪಾಠ ಹೇಳಿ. ಬೀದರ್–ಕಲಬುರಗಿ ನಡುವಿನ 110 ಕಿಲೋಮೀಟರ್ ದಾರಿಗೆ ಎಷ್ಟು ಹೊತ್ತು ಬೇಕು ಎಂಬುದು ಗಣಿತ. ಮೊದಲು ಕಲಬುರಗಿಯಲ್ಲಿದ್ದ ಬಹಮನಿ ರಾಜಧಾನಿ ಆಮೇಲೆ ಬೀದರಿಗೆ ಹೋದದ್ದು ಇತಿಹಾಸ. ರೈಲಿನ ಮಾತಿಗೆ ದಿನಕ್ಕೊಂದು ಹೊತ್ತು ಗೊತ್ತುಮಾಡಿ. ಆಗ ಎದುರಿನವರ ಮಾತು ಕೇಳುವುದನ್ನೂ ಕಲಿಸಬಹುದು. ಊಟ, ನಿದ್ದೆ, ಶಾಲೆ ತಪ್ಪುತ್ತಿದ್ದರೆ ಮಾತ್ರ ತಜ್ಞರ ಸಲಹೆ ಪಡೆದು ಮಿತಿ ಹಾಕಿ.

ತಪ್ಪು ಕಲ್ಪನೆ: “ಭಾಳ ಶ್ಯಾಣ್ಯಾ ಇದ್ದಾನ, ಅವನಿಗಿ ಯಾವ ಸಹಾಯಾನೂ ಬ್ಯಾಡ.”

ಸತ್ಯ: ಅಸಾಧಾರಣ ಪ್ರತಿಭೆ ಇರುವುದು ಕೆಲವರಲ್ಲಿ ಮಾತ್ರ. ವೇಳಾಪಟ್ಟಿ ಒಪ್ಪಿಸುವ ಹುಡುಗನಿಗೇ ಅಂಗಿಯ ಗುಂಡಿ ಹಾಕುವುದು ಕಷ್ಟವಾಗಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಅವನು ಕಿವಿ ಮುಚ್ಚಿ ಕೂತುಬಿಡಬಹುದು. ಅದು ಹಟವಲ್ಲ, ಸಂಕಟ.

ತಪ್ಪು ಕಲ್ಪನೆ: “ಹೆಣ್ಣಮಕ್ಕಳಿಗಿ ಇದು ಬರಲ್ಲ.”

ಸತ್ಯ: ಬರುತ್ತದೆ, ಆದರೆ ಎಷ್ಟೋ ಸಲ ಗುರುತಿಗೆ ಸಿಗುವುದಿಲ್ಲ. ಸಿನಿಮಾ, ಪ್ರಾಣಿ, ಕತೆಪುಸ್ತಕದಂಥ ಅವರ ಆಸಕ್ತಿ ಎಲ್ಲರಂತೆಯೇ ಕಾಣುತ್ತದೆ. ಗೆಳತಿಯರನ್ನು ನೋಡಿ ನಡವಳಿಕೆ ಅನುಕರಿಸುತ್ತಾರೆ. ಮನೆಗೆ ಬಂದ ಮೇಲೆ ಸುಸ್ತಾಗಿ ಅಳುವುದನ್ನು ತಾಯಿ ಮಾತ್ರ ನೋಡುತ್ತಾಳೆ.

ತಪ್ಪು ಕಲ್ಪನೆ: “ಲಗ್ನ ಆದ್ರ ಎಲ್ಲ ತಾನೇ ಸರಿ ಹೋಗ್ತದ.”

ಸತ್ಯ: ಇದು ಜೀವನಪೂರ್ತಿ ಇರುವ ಸ್ವಭಾವ. ಮದುವೆ ಇದಕ್ಕೆ ಔಷಧಿಯಲ್ಲ. ಮುಚ್ಚಿಟ್ಟು ಮಾಡಿದ ಮದುವೆ ಇಬ್ಬರಿಗೂ ಅನ್ಯಾಯ. ಸರಿಯಾದ ನೆರವು ಸಿಕ್ಕರೆ ಓದು, ಕೆಲಸ, ಸಂಸಾರ ಎಲ್ಲವೂ ಸಾಧ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಶೇ. 40 ಅಥವಾ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕವರಿಗೆ ಉನ್ನತ ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿ ಇದೆ. ಮೊದಲು ಕಲಬುರಗಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಹೋಗುವಾಗ ಮಗುವಿನ ಕಷ್ಟಗಳ ಜೊತೆಗೆ ಅದರ ಇಷ್ಟಗಳನ್ನೂ ಬರೆದುಕೊಂಡು ಹೋಗಿ. ನೆರವಿನ ಯೋಜನೆ ಮಾಡುವವರಿಗೆ ಎರಡೂ ಬೇಕು.